ಎತ್ತಿದ ಕೊಡತಿ

"ಏಳಬ್ಯಾಡ್ರಿ ಸ್ವಾಮಿ. ಗೂಟದಯ್ಯ ಕೊಡತಿ ಎತ್ತಿದ್ಮ್ಯಾಲೆ ಕತೆ ಬಿಟ್ಟು ಯಾರೂ ಏಳಂಗಿಲ್ಲ. ಅವ್ನು ಸಾಯಾಗಂಟ ಕುಂತ್ಕಳ್ರಿ."

ಮುಟ್ಟಬಾರದೆಂಬ ಅಳುಕನ್ನೂ ಮರೆತು, ಕತೆ ಹೇಳುತ್ತಿದ್ದ ಮುದುಕಿ ಪಾಲಮ್ಮ ಸೀತಾಪತಯ್ಯನ ಪಂಚೆಯ ಅಂಚನ್ನು ಹಿಡಿದುಕೊಂಡಿದ್ದಳು. ಹಿರಿಯೂರಿನಾಚೆಯ ಗೊಲ್ಲರ ಹಟ್ಟಿ ಅದು. ಸುತ್ತ ಜಾಲಿಮುಳ್ಳಿನ ಬೇಲಿ, ಒಳಗೆ ಕುರಿಹಿಕ್ಕೆಯ ಘಾಟು, ಹಸಿ ಉಣ್ಣೆಯ ಕಮಟು. ಹೊತ್ತು ಇಳಿಯುತ್ತಿತ್ತು. ಬೇಲಿಯಾಚೆ ಗಾಡಿಯವನು ಎತ್ತು ಹೂಡಿಕೊಂಡು ಕೂಗುತ್ತಿದ್ದ.

ಸೀತಾಪತಯ್ಯ ಮೈಸೂರಿನವನು. ಬಿ.ಎ. ಓದಿ, ಕೆಲವು ಕಾಲ ಮೇಷ್ಟರಾಗಿದ್ದು, ಹೆಂಡತಿ ತೀರಿಕೊಂಡ ಮೇಲೆ ಮಗಳನ್ನೂ ಅಕ್ಕನನ್ನೂ ಕರೆದುಕೊಂಡು ಚಿತ್ರದುರ್ಗಕ್ಕೆ ಬಂದು ಅಚ್ಚುಕೂಟ ಇಟ್ಟಿದ್ದ. ಲಗ್ನಪತ್ರಿಕೆ, ಮಠದ ಕರಪತ್ರ ಅಚ್ಚುಹಾಕಿ ಹಾಕಿ ಬೇಸತ್ತ ತಲೆಗೆ ಹೊಸದೊಂದು ಹುಚ್ಚು ಹೊಕ್ಕಿತ್ತು. ಮಕ್ಕಳಿಗಾಗಿ ಮಾಯಾಕತೆಗಳ ಮಾಲೆ. ತಿಂಗಳಿಗೊಂದು ಪುಟ್ಟ ಪುಸ್ತಕ, ಮೇಲೆ ಚಿತ್ರ, ಎಲ್ಲದರಲ್ಲೂ ಒಬ್ಬನೇ ಮಾಟಗಾರ. ಅಂಥ ಮಾಟಗಾರನನ್ನು ಹುಡುಕಿಕೊಂಡು ಹಟ್ಟಿ ಹಟ್ಟಿ ಅಲೆದವನಿಗೆ ಪಾಲಮ್ಮನ ಬಾಯಲ್ಲಿ ಗೂಟದಯ್ಯ ಸಿಕ್ಕಿದ್ದ.

ಎಂಥ ಮಾಟಗಾರ! ಕರಿಕಂಬಳಿ ಹೊದ್ದವನು. ಹೆಗಲ ಚೀಲದಲ್ಲಿ ಜಾಲಿಮರದ ಗೂಟಗಳು. ಕೈಯಲ್ಲಿ ಅವನ್ನು ಬಡಿಯುವ ಮರದ ಕೊಡತಿ. ಮಕ್ಕಳನ್ನು ಗವಿಯೊಳಗೆ ಕರೆದು ನೆರಳಿಗೊಂದು, ಕೈಗೊಂದು, ಎದೆಗೊಂದು ಎಂದು ಮೂರು ಗೂಟ ಹೊಡೆಯುತ್ತಾನೆ. ನೆರಳಿಗೆ ಹೊಡೆದರೆ ಮಗು ಕದಲಲಾರದು, ದನಿ ಎತ್ತಲಾರದು. ಕೈಗೆ ಹೊಡೆದು ರಕ್ತ ಕುಡಿಯುತ್ತಾನೆ. ಎದೆಗೆ ಹೊಡೆದರೆ ಮುಗಿಯಿತು. ಕತೆಯ ಕೊನೆಯ ಮಗುವಿನ ಮೇಲೆ ಅವನು ಕೊಡತಿ ಎತ್ತಿದ ಎಂದು ಪಾಲಮ್ಮ ಹೇಳಿದ್ದೇ ತಡ, ಸೀತಾಪತಯ್ಯ ತೊಡೆ ತಟ್ಟಿ ಎದ್ದುಬಿಟ್ಟಿದ್ದ. ಇಲ್ಲಿಗೆ ನಿಲ್ಲಿಸಿದರೆ ಯಾವ ಮಗು ತಾನೇ ಮುಂದಿನ ಪುಸ್ತಕ ಬೇಕೆಂದು ಹಟ ಹಿಡಿಯದೆ ಇದ್ದೀತು!

"ಉಳಿದದ್ದು ನನಗೆ ಬೇಡ ಪಾಲಮ್ಮ. ಅವನು ಸತ್ತರೆ ನನ್ನ ಮಾಲೇನೂ ಸತ್ತ ಹಾಗೆ. ಅವನು ವರ್ಷಗಟ್ಟಲೆ ಬದುಕಬೇಕು."

ಮುದುಕಿಯ ಮುಖ ಬೂದಿಯಾಯಿತು. "ಹಂಗನ್ಬ್ಯಾಡ್ರಿ. ಹೂಂ ಅನ್ನೋರಿಲ್ದೆ ಕತೆ ಮುಂದಕ್ಕೋಗಲ್ಲ. ಅದ್ಕೇ ಮಕ್ಳು ತೂಕಡಿಸಿದ್ರೆ ಮಕಕ್ಕೆ ನೀರು ಹಾಕಿ ಎಬ್ಬಿಸಿ, ಹೂಂ ಅನ್ನಿಸಿ, ಅವನ್ನ ಸಾಯ್ಸಿ ಆಮ್ಯಾಲೆ ಮಲಗಿಸ್ತೀವಿ. ಎತ್ತಿದ ಕೈಯ್ಯ ಅವ್ನಾದ್ರೂ ಎಷ್ಟು ದಿನ ಎತ್ಕಂಡಿರ್ತಾನೆ? ಸೋತಾಗ ಯಾರ ಮ್ಯಾಲಾದ್ರೂ ಇಳಿಸ್ತಾನೆ." ಅವಳು ತನ್ನ ಅಂಗೈ ಬಿಡಿಸಿ ತೋರಿಸಿದಳು. ನಡುವೆ ಗುಂಡಗೆ, ಸುಕ್ಕುಗಟ್ಟಿದ ಹಳೆಯ ಗಾಯ. ಹಿಂಗೈಯಲ್ಲೂ ಅದೇ ಗುರುತು. "ನಮ್ಮವ್ವ ಒಂದ್ಸಲ ತೋಳ ಬಂತು ಅಂತ ಕತೆ ಬಿಟ್ಟು ಎದ್ದಿದ್ಲು. ನಾನು ಉಳ್ಕಂಡೆ. ನಮ್ಮಣ್ಣ ಉಳೀಲಿಲ್ಲ."

"ಮುಳ್ಳು ಹೊಕ್ಕಿರಬೇಕು," ಎಂದು ನಕ್ಕು ಸೀತಾಪತಯ್ಯ ಪಂಚೆ ಕೊಸರಿಕೊಂಡು ಗಾಡಿ ಹತ್ತಿದ. ಪಾಲಮ್ಮ ಗಾಡಿಯ ಹಿಂದೆ ಓಡಿಬಂದಳು. ಓಡುತ್ತಲೇ ಕತೆಯ ಉಳಿದ ಭಾಗವನ್ನು ಕೂಗಿ ಕೂಗಿ ಹೇಳುತ್ತಿದ್ದಳು. ಎತ್ತಿನ ಕೊರಳ ಗಂಟೆಯ ಸದ್ದಿನಲ್ಲಿ ಅವನಿಗೆ ಒಂದಕ್ಷರ ಕೇಳಲಿಲ್ಲ. ಕೇಳಿದ್ದರೂ ಗೋರ್ಕಲ್ಲ ಮೇಲೆ ಮಳೆ ಸುರಿದಂತೆಯೇ. ಓದಿದವರ ಕಿವಿ ಅಷ್ಟು ಸುಲಭಕ್ಕೆ ತೆರೆಯುವುದಿಲ್ಲ.

ಪುಸ್ತಕದ ಕರಡನ್ನು ಮೊದಲು ಓದಿದವಳು ಅವನ ಮಗಳು ಪದ್ದು. ಎರಡು ಜಡೆಯ, ಹಲ್ಲು ಬಿದ್ದ ಹುಡುಗಿ. ಅಮ್ಮ ಹೋದಾಗಿನಿಂದ ಅಪ್ಪನ ಅಚ್ಚುಕೂಟವೇ ಅವಳ ಆಟದ ಮನೆ. ಒಂದೊಂದು ಸಾಲಿಗೂ ಬೆರಳಿಟ್ಟು ಓದಿದಳು. ಕೊನೆಯ ಸಾಲು, "ಗೂಟದಯ್ಯ ಕೊಡತಿ ಎತ್ತಿದ." ಹಾಳೆ ತಿರುಗಿಸಿದಳು. ಹಿಂದೆ ಏನೂ ಇರಲಿಲ್ಲ.

"ಮುಂದೇನಪ್ಪಾ?"

"ಮುಂದಿನ ತಿಂಗಳು ಗೊತ್ತಾಗುತ್ತೆ."

"ನಂಗೆ ಮಾತ್ರ ಹೇಳು. ಆ ಮಗು ಸಾಯುತ್ತಾ?"

ಅವನು ಅವಳ ಮೂಗು ಹಿಂಡಿ ನಕ್ಕ. ಅವಳು ನಗಲಿಲ್ಲ. ಅಕ್ಷರದ ಪೆಟ್ಟಿಗೆಯ ಮುಂದೆ ಕುಳಿತು ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದ ಕಲಂದರ್ ಮಾತ್ರ ನಕ್ಕ. ಆ ಊರಿನಲ್ಲೇ ಹುಟ್ಟಿ ಬೆಳೆದವನು, ಒಳ್ಳೆಯ ಕೆಲಸಗಾರ, ಮಾತಿನ ಮಲ್ಲ. "ಅಲ್ಲ ಮಾಲೀಕ್ರೆ, ಈ ಬುಡ್ಡ ಗೂಟದಯ್ಯನ್ನ ಹಿಂಗೇ ನಿಲ್ಸಿಬಿಟ್ರಲ್ಲ. ಒಂದು ತಿಂಗಳು ಕೈ ಎತ್ಕಂಡಿದ್ರೆ ಪಾಪ ಅವನ್ಗೆ ನೋಯಲ್ವಾ?"

ಆ ಮಾತನ್ನು ಎಲ್ಲಿ ಕೇಳಿದ್ದೆ ಎಂದು ಸೀತಾಪತಯ್ಯನಿಗೆ ಒಂದು ಗಳಿಗೆ ಅನ್ನಿಸಿತು. ಮರೆತ.

ಪುಸ್ತಕ ಹೊರಬಿದ್ದ ಮೇಲೆ ದುರ್ಗದ ಮಕ್ಕಳಿಗೆ ಹುಚ್ಚು ಹಿಡಿಯಿತು. ಒಂದು ಪುಸ್ತಕ ಹತ್ತು ಕೈ ದಾಟಿತು. ಓದು ಬಾರದ ಮಕ್ಕಳಿಗೆ ಬಲ್ಲವರು ಓದಿ ಹೇಳಿದರು. ಅವನು ಬೀದಿಗೆ ಇಳಿದರೆ ಸಾಕು, ಹಿಂಡು ಹಿಂಡಾಗಿ ಮುತ್ತಿ, "ಮುಂದೇನ್ರಿ ಸ್ವಾಮಿ? ಮುಂದೇನು?" ಎಂದು ಅಂಗಿ ಜಗ್ಗುತ್ತಿದ್ದವು. ಸೀತಾಪತಯ್ಯ ಉಬ್ಬಿಹೋದ. ಮುಂದೇನೆಂದು ಅವನಿಗೂ ಗೊತ್ತಿರಲಿಲ್ಲ ಎಂಬುದು ಬೇರೆ ಮಾತು.

ಒಂದು ಬೆಳಿಗ್ಗೆ ಅಚ್ಚುಕೂಟದ ಬಾಗಿಲು ಅರ್ಧ ತೆರೆದಿತ್ತು. ಶಾಯಿಯ, ಸೀಮೆಎಣ್ಣೆಯ ದಿನನಿತ್ಯದ ವಾಸನೆಯ ಜೊತೆಗೆ ಕೂದಲು ಸುಟ್ಟ ವಾಸನೆ. ಒಳಗೆ ಹನಿ ತೊಟ್ಟಿಕ್ಕುವ ಸದ್ದು. ಶಾಯಿಯ ಡಬ್ಬಿ ಸೋರುತ್ತಿದೆ ಎಂದುಕೊಂಡ.

ಶಾಯಿಯಲ್ಲ. ಕಲಂದರ್ ಅಕ್ಷರದ ಪೆಟ್ಟಿಗೆಯ ಮುಂದೆ ಮಂಡಿಯೂರಿದ್ದ. ಬಲ ಅಂಗೈ ಪೆಟ್ಟಿಗೆಗೆ ಅಂಟಿಕೊಂಡಿತ್ತು. ಹೆಬ್ಬೆರಳು ಗಾತ್ರದ ಜಾಲಿಗೂಟ ಅಂಗೈಯನ್ನು ಸೀಳಿ ಹಲಗೆಯನ್ನೂ ಸೀಳಿತ್ತು. ಇನ್ನೊಂದು ಗೂಟ ಎದೆಯ ನಡುವೆ. ಪಕ್ಕೆಲುಬು ಮುರಿದು ಅಂಗಿಯ ಒಳಗಿನಿಂದ ಎದ್ದು ನಿಂತಿತ್ತು. ಬಾಯಿ ಅಗಲವಾಗಿ ತೆರೆದಿತ್ತು. ಆದರೆ ಪಕ್ಕದ ಮನೆಯ ಗೋಡೆಗೇ ತಾಗಿದ ಆ ಕೋಣೆಯಿಂದ ಯಾರಿಗೂ ಒಂದು ಕೂಗು ಕೇಳಿರಲಿಲ್ಲ. ರಕ್ತ ಮೊಳೆಗಳ ಮನೆಮನೆಯಲ್ಲೂ ತುಂಬಿ, ಅಕ್ಷರದಿಂದ ಅಕ್ಷರಕ್ಕೆ ಇಳಿದು, ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಮೂರನೆಯ ಗೂಟ ಅವನ ಹಿಂದೆ, ಖಾಲಿ ನೆಲದಲ್ಲಿ ನೆಟ್ಟಿತ್ತು. ಕಿಟಕಿಯ ಬೆಳಕಿಗೆ ಅವನ ನೆರಳು ಬೀಳುವ ಜಾಗ.

ಅಮಲ್ದಾರರು ಬಂದರು, ಪೊಲೀಸರು ಬಂದರು, ಕಳ್ಳರ ಕೆಲಸ ಎಂದರು. ಕಳುವಾದದ್ದು ಏನೂ ಇರಲಿಲ್ಲ. ಕಲಂದರನ ತಾಯಿ ಖಾತುನ್ ಬೀ ಹೊಸ್ತಿಲಲ್ಲಿ ಕುಸಿದು ಎದೆ ಬಡಿದುಕೊಂಡು ಅತ್ತಳು. ಸೀತಾಪತಯ್ಯನೂ ಅತ್ತ, ಸುಳ್ಳು ಅಳುವಲ್ಲ. ಆ ಮೂರನೆಯ ಗೂಟವನ್ನು ಕಂಡ ಕ್ಷಣ ಅವನ ಮನಸ್ಸು ಒಂದು ಮಾತು ಹೇಳಿತ್ತು. ಬಾಯಿ ಮುಚ್ಚು ಎಂದು ಮನಸ್ಸನ್ನೇ ಗದರಿದ. ಕತೆ ಓದಿ ತಲೆಕೆಟ್ಟವನಾರೋ ಮಾಡಿದ ಕೊಲೆ. ಅಷ್ಟೇ.

ಅಷ್ಟರಲ್ಲಿ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಅಂಗಡಿಗಳಿಂದ ಪುಸ್ತಕ ಬೇಕೆಂದು ಹೇಳಿಕಳಿಸಿದ್ದರು. ಅವನು ತಾನೇ ಕುಳಿತು ಮೊಳೆಗಳ ರಕ್ತ ಒರೆಸಿದ. ತಾನೇ ಯಂತ್ರ ತುಳಿದ. ಎಷ್ಟು ಒರೆಸಿದರೂ ಕೊನೆಯ ಪುಟದ ಅಕ್ಷರಗಳು ಕೆಂಪಗೆ ಮೂಡಿದವು. ಮಕ್ಕಳಿಗೆ ಬಣ್ಣದ ಅಕ್ಷರ ಹಿಡಿಸೀತು ಎಂದು ಕಟ್ಟು ಕಟ್ಟಿ ಗಾಡಿಗೆ ಏರಿಸಿದ. ಇಂಥವನಿಗೆ ಏನು ಹೇಳುವುದು ಹೇಳಿ!

ಗಾಡಿಗಳು ಹೊರಟ ದಿನವೇ, ಬಿಸಿಲು ಬಾಗುವ ಹೊತ್ತಿಗೆ, ಅಕ್ಕ ರಂಗಕ್ಕ ಬರಿಗಾಲಲ್ಲಿ ಅಚ್ಚುಕೂಟಕ್ಕೆ ಓಡಿಬಂದಳು.

"ಸೀತೂ, ಪದ್ದು ಇಲ್ಲಿಗೆ ಬಂದಿದಾಳೇನೋ? ಊಟಕ್ಕೂ ಬರಲಿಲ್ಲ. ಹುಡುಗರ ಜೊತೆ ಚಂದ್ರವಳ್ಳಿ ಕಡೆ ಹೋದಳಂತೆ. ಅಲ್ಲಿ ಗೂಟದಯ್ಯನ ಆಟ ಆಡ್ತಾರಂತೆ ಕಣೋ."

ಸೀತಾಪತಯ್ಯ ಲಾಂದ್ರ ಎತ್ತಿಕೊಂಡು ಓಡಿದ. ಬಂಡೆಗಳ ಸಂದಿಯಲ್ಲಿ ಕಾಲು ಜಾರಿತು, ಮಂಡಿ ತರಚಿತು. ಚಂದ್ರವಳ್ಳಿಯ ಗುಹೆಯ ಬಾಯಲ್ಲಿ ಮೂರು ನಾಲ್ಕು ಮಕ್ಕಳು ಒಂದನ್ನೊಂದು ಅಪ್ಪಿಕೊಂಡು ಅಳುತ್ತಿದ್ದವು.

"ಒಳಗಿಂದ ಯಾರೋ ಕರೆದ್ರು ಸ್ವಾಮಿ," ಎಂದಿತು ಒಂದು. "ಮುಂದೇನಂತ ತೋರಿಸ್ತೀನಿ ಬಾ ಅಂದ್ರು. ನಾವು ಹೋಗಲಿಲ್ಲ. ಪದ್ದು ಹೋದ್ಲು."

ಅವನು ಬಗ್ಗಿ ಒಳಹೊಕ್ಕ. ಆ ಗುಹೆಯಲ್ಲಿ ಕೋಣೆಯೊಳಗೆ ಕೋಣೆ. ಹೊರಗೆ ಇನ್ನೂ ಬಿಸಿಲಿದ್ದರೂ ಒಳಗೆ ಹೊತ್ತೆಂಬುದೇ ಇಲ್ಲ. ಬಾವಲಿಯ ಹಿಕ್ಕೆಯ ನಾತ ಕಣ್ಣು ಉರಿಸಿತು. ಎರಡನೆಯ ಕೋಣೆ ದಾಟುತ್ತಲೇ ಎಲ್ಲಿಂದಲೋ ಗಾಳಿ ಬೀಸಿ ಲಾಂದ್ರ ಆರಿತು. ಕಣ್ಣು ತೆರೆದರೂ ಒಂದೇ, ಮುಚ್ಚಿದರೂ ಒಂದೇ. ಅವನು ಗೋಡೆ ಸವರುತ್ತ ನಡೆದ. ಗೋಡೆ ತಣ್ಣಗೆ ಬೆವರುತ್ತಿತ್ತು. ಎಲ್ಲೋ ಯಾರೋ ಉಸಿರಾಡುತ್ತಿದ್ದರು. ಒಬ್ಬರಲ್ಲ. ಒಂದು ಉಸಿರು ಚಿಕ್ಕದು, ಬೇಗಬೇಗನೆಯದು. ಇನ್ನೊಂದು ನಿಧಾನ, ಒಣ ಎಲೆ ಸರಿದ ಹಾಗೆ.

"ಪದ್ದು!"

"ಅಪ್ಪಾ." ಪಿಸುದನಿ. ಹತ್ತಿರವೇ. "ಅಪ್ಪಾ, ದೀಪ ಹಚ್ಚಬೇಡ."

"ಹೆದರಬೇಡ ಮಗು. ಬಂದೆ. ಎಲ್ಲಿದೀಯ?" ಅವನ ಕೈ ಜೇಬಿನಲ್ಲಿ ಬೆಂಕಿಪೊಟ್ಟಣ ತಡಕುತ್ತಿತ್ತು.

"ಬೇಡಪ್ಪಾ. ಕತ್ತಲಲ್ಲಿ ನೆರಳಿರಲ್ಲ. ನಿನ್ನ ಪುಸ್ತಕದಲ್ಲೇ ಇದೆ. ಬೇಡ..."

ಕಡ್ಡಿ ಗೀರಿದ.

ಬೆಳಕು ಬಿತ್ತು. ಮೂಲೆಯಲ್ಲಿ ಮುದುಡಿದ್ದ ಮಗಳು ಕಂಡಳು. ಅವಳ ಹಿಂದೆ ಬಂಡೆಯ ಮೇಲೆ ಎರಡು ಜಡೆಯ ದೊಡ್ಡ ನೆರಳು ಎದ್ದಿತು. ಆ ನೆರಳಿಗೆಂದೇ ಕಾದಿದ್ದ ಹಾಗೆ ಕತ್ತಲಿನಿಂದ ಒಂದು ಕೈ ಬಂತು.

ಠಕ್.

ನೆರಳಿನ ನೆತ್ತಿಗೆ ಗೂಟ ಇಳಿಯಿತು. ಪದ್ದುವಿನ ಬಾಯಿ ತೆರೆದೇ ನಿಂತಿತು. ದನಿ ಬರಲಿಲ್ಲ. ಬೆರಳೂ ಅಲುಗಲಿಲ್ಲ. ಕಣ್ಣುಗಳು ಮಾತ್ರ ಅಪ್ಪನ ಕಡೆ ಹೊರಳಿದವು. ಸೀತಾಪತಯ್ಯ ಕಡ್ಡಿ ಎಸೆದ. ಅದು ನೆಲದ ಒಣ ತರಗಿನ ಮೇಲೆ ಬಿದ್ದು ಹೊತ್ತಿಕೊಂಡಿತು. ಈಗ ಬೆಳಕು ಇನ್ನೂ ಹೆಚ್ಚಾಯಿತು.

ಗೂಟದಯ್ಯ ನಿಂತಿದ್ದ. ಕರಿಕಂಬಳಿಯೊಳಗೆ ಮುಖವಿರಬೇಕಾದಲ್ಲಿ ಒಣಗಿದ ಜಾಲಿತೊಗಟೆ. ಮೈಯಿಂದ ಸುಟ್ಟ ಕೂದಲಿನ ವಾಸನೆ. ಎತ್ತಿ ಎತ್ತಿ ಬಲಗೈಯ ಮಾಂಸ ಕೊಳೆತು ಎಲುಬು ಕಾಣುತ್ತಿತ್ತು. ಎಡಗೈಯಲ್ಲಿದ್ದ ಗೂಟವನ್ನು ಪದ್ದುವಿನ ಅಂಗೈ ನಡುವೆ ಇಟ್ಟ. ಕೊಡತಿ ಎತ್ತಿದ.

"ನಿಲ್ಲು! ಕತೆ ಹೇಳುವವನು ನಾನು!"

ಕೊಡತಿ ಗಾಳಿಯಲ್ಲೇ ನಿಂತಿತು. ತೊಗಟೆಯ ಮುಖ ನಿಧಾನವಾಗಿ ಇವನತ್ತ ತಿರುಗಿತು. ಕತೆ ಕಟ್ಟಿದವನು ಎದುರು ಬಂದರೆ ಅವನ ಬಾಯಿಗೆ ಕಾಯಲೇಬೇಕಿತ್ತೇನೋ.

"ಮುಂದೇನು?" ಎಂದಿತು.

ಮಕ್ಕಳು ಕೇಳಿದ ಅದೇ ಮಾತು. ಸೀತಾಪತಯ್ಯ ನೆನಪು ಕೆದಕಿದ. ಪಾಲಮ್ಮ ಗಾಡಿಯ ಹಿಂದೆ ಓಡುತ್ತ ಕೂಗಿದ್ದು ಇದರ ಉತ್ತರವನ್ನೇ. ಈಗ ಅವಳ ಬಾಯಿ ಮಾತ್ರ ನೆನಪಿತ್ತು, ಮಾತು ನೆನಪಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ಗೂಟದಯ್ಯ ಸತ್ತುಬಿದ್ದ," ಎಂದ.

ತೊಗಟೆಯ ಮುಖ ಹೂಂ ಎನ್ನಲಿಲ್ಲ.

"ಮಗು ತಪ್ಪಿಸಿಕೊಂಡು ಓಡಿತು. ಗವಿ ಕುಸಿಯಿತು. ದೇವರು ಬಂದ!"

ಹೂಂ ಇಲ್ಲ. ಕೊಡತಿ ನಡುಗತೊಡಗಿತು. ಸೋತ ಕೈ. ಇನ್ನೇನು ಇಳಿಯುತ್ತದೆ. ಪದ್ದುವಿನ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ರೆಪ್ಪೆ ಮಾತ್ರ ಮಿಟುಕಲಾರದು. ಹೂಂ ಅನ್ನಬೇಕಾದ ಮಗುವಿನ ಬಾಯಿಗೇ ಬೀಗ. ಹೂಂ ಅನ್ನಬಲ್ಲವನಾಗಿ ಉಳಿದವನು ಗೂಟದಯ್ಯನೊಬ್ಬನೇ. ಅವನು ಯಾವುದಕ್ಕೆ ಹೂಂ ಎಂದಾನು? ಹೊಡೆತಕ್ಕೆ. ರಕ್ತಕ್ಕೆ.

ಸೀತಾಪತಯ್ಯನಿಗೆ ಕೊನೆಗೂ ತಾನು ಬರೆದವನ ಗುಣ ಅರ್ಥವಾಯಿತು. ಬಲಗೈಯನ್ನು ಬಂಡೆಗೆ ಒತ್ತಿ ಹಿಡಿದ. ಆ ಕೈಯಲ್ಲೇ ಅವನು ಬರೆಯುತ್ತಿದ್ದುದು.

"ಗೂಟದಯ್ಯ ಮಗುವಿನ ನೆರಳಿಂದ ಗೂಟ ಕಿತ್ತ," ಎಂದ. "ಕತೆ ಹೇಳಿದವನ ಅಂಗೈಗೆ ಅದನ್ನೇ ಇಟ್ಟ. ಕೊಡತಿ ಇಳಿಸಿದ."

ತೊಗಟೆ ಸೀಳಿ ನಕ್ಕಿತು.

"ಹೂಂ."

ಠಕ್. ಎಲುಬು ಮುರಿದ ಸದ್ದು ಕೇಳಿಸಿದ ಮೇಲೆ ನೋವು ಬಂತು. ಠಕ್. ಚೂಪು ಹಿಂಗೈಯಿಂದ ಹೊರಬಂದು ಬಂಡೆಯ ಬಿರುಕಿಗೆ ಇಳಿಯಿತು. ಠಕ್. ಅವನು ಎತ್ತಿನ ಹಾಗೆ ಕೂಗಿದ. ರಕ್ತ ಮೊಣಕೈವರೆಗೆ ಹರಿಯಿತು. ಗೂಟದಯ್ಯ ಬಾಗಿ ನೆಕ್ಕತೊಡಗಿದ. ನಾಲಿಗೆ ಗರಗಸದ ಹಾಗಿತ್ತು.

"ಅಪ್ಪಾ!" ಪದ್ದುವಿನ ದನಿ ಬಿಡುಗಡೆಯಾಗಿತ್ತು.

"ಹೂಂ ಅನ್ನು ಪದ್ದು! ನಾನು ಹೇಳಿದ್ದಕ್ಕೆಲ್ಲ ಹೂಂ ಅನ್ನು! ಗೂಟದಯ್ಯನ ಚೀಲದಿಂದ ಒಂದು ಗೂಟ ಕೆಳಗೆ ಬಿತ್ತು."

"ಹೂಂ!"

ಗೂಟ ಬಿತ್ತು. ಗೂಟದಯ್ಯ ತಲೆ ಎತ್ತಿದ. ಮೂರನೆಯ ಗೂಟವನ್ನು ಸೀತಾಪತಯ್ಯನ ಎದೆಗೆ ಇಟ್ಟ. ಚೂಪು ಚರ್ಮ ಸೀಳಿತು.

"ಮಗು ಗೂಟ ಎತ್ತಿಕೊಂಡಳು. ಕಲ್ಲು ಎತ್ತಿಕೊಂಡಳು."

"ಹೂಂ!"

ಕೊಡತಿ ಎದ್ದಿತು.

"ಅವನ ಬೆನ್ನಿಗೆ ಗೂಟ ಇಟ್ಟಳು. ಎದೆ ದಾಟುವವರೆಗೆ ಬಡಿದಳು. ಬಡಿ ಪದ್ದು! ಬಡಿ!"

"ಹೂಂ! ಹೂಂ! ಹೂಂ!"

ಒಂದೊಂದು ಹೂಂಗೂ ಒಂದೊಂದು ಏಟು. ಒಣ ಸೋರೆಬುರುಡೆ ಒಡೆದ ಹಾಗೆ ಏನೋ ಒಡೆಯಿತು. ಕಪ್ಪು ಕೀವು ಅವಳ ಮುಖಕ್ಕೆ ಸಿಡಿಯಿತು. ಅದು ಕಿರುಚುತ್ತ ತಿರುಗಿ ಅವಳ ಜಡೆ ಹಿಡಿಯಿತು, ಒಂದು ಜಡೆ ಬುಡಸಮೇತ ಕಿತ್ತುಬಂತು. ಅವಳು ಬಿಡಲಿಲ್ಲ. ಬಡಿದಳು. ಎದೆಯಿಂದ ಚೂಪು ಹೊರಬಂತು.

"ಗೂಟದಯ್ಯ ಸತ್ತ."

"ಹೂಂ," ಎಂದಳು ಪದ್ದು.

ಕಂಬಳಿ ಕುಸಿಯಿತು. ಒಳಗೆ ಏನೂ ಇರಲಿಲ್ಲ. ಹಿಡಿ ಜಾಲಿತೊಗಟೆ.

ಬಂಡೆಗೆ ಇಳಿದ ಗೂಟವನ್ನು ಆ ಪುಟ್ಟ ಕೈಗಳಿಂದ ಕೀಳಲಾಗಲಿಲ್ಲ. ಗುಹೆಯ ತುಂಬ ಹೊಗೆ ತುಂಬುತ್ತಿತ್ತು. "ಅತ್ತ ತಿರುಗು," ಎಂದು ಮಗಳಿಗೆ ಹೇಳಿ, ಪಂಚೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಸೀತಾಪತಯ್ಯ ಕೈಯನ್ನು ಎಳೆದುಕೊಂಡ. ನಡುಬೆರಳೂ ಉಂಗುರದ ಬೆರಳೂ ಬಂಡೆಯ ಮೇಲೇ ಉಳಿದವು.

ಊರು ಸೇರುವ ಹೊತ್ತಿಗೆ ಸಂಜೆಯಾಗಿತ್ತು. ಕೈಗೆ ಸುತ್ತಿದ ಬಟ್ಟೆಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಪದ್ದು ಅವನ ಸೊಂಟಕ್ಕೆ ಅಂಟಿಕೊಂಡು, ಬಿಕ್ಕುತ್ತ, ಇನ್ನೂ ಮೆಲ್ಲಗೆ ಹೂಂ ಹೂಂ ಎನ್ನುತ್ತಿದ್ದಳು. ಬದುಕಿದ್ದಾಳೆ, ಅಷ್ಟು ಸಾಕು, ಇನ್ನೊಂದು ಅಕ್ಷರ ಬರೆಯಲಾರೆ ಎಂದುಕೊಂಡ. ಮನೆಮನೆಯಲ್ಲೂ ದೀಪ ಹಚ್ಚುತ್ತಿದ್ದರು. ಮೊದಲನೆಯದು ಎಣ್ಣೆ ಅಂಗಡಿಯ ಮರುಳಸಿದ್ದಮ್ಮನ ಮನೆ. ಒಳಗೆ ದೀಪದ ಮುಂದೆ ಅವಳ ಮಗ ಗಟ್ಟಿಯಾಗಿ, ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದ.

"ಗೂ-ಟ-ದ-ಯ್ಯ ಕೊ-ಡ-ತಿ ಎ-ತ್ತಿ-ದ."

ಸೀತಾಪತಯ್ಯನ ಕಾಲು ಅಲ್ಲೇ ನಿಂತಿತು. ಗೂಟದಯ್ಯ ಸತ್ತದ್ದು ಪದ್ದುವಿನ ಕತೆಯಲ್ಲಿ ಮಾತ್ರ. ಮಿಕ್ಕ ಮಕ್ಕಳೆಲ್ಲರ ಕತೆಯಲ್ಲಿ ಇನ್ನೂ ಕೊಡತಿ ಎತ್ತಿಯೇ ನಿಂತಿದ್ದ. ದುರ್ಗದ ಬೀದಿಬೀದಿಯಲ್ಲಿ. ಬೆಳಿಗ್ಗೆ ಹೊರಟ ಗಾಡಿಗಳು ಈಗ ಹಿರಿಯೂರು ಮುಟ್ಟಿರಬೇಕು, ಹೊಳಲ್ಕೆರೆ ಮುಟ್ಟಿರಬೇಕು.

"ಇದೇನ್ ಸ್ವಾಮಿ, ಇಷ್ಟೊಂದು ರಕ್ತ!" ಮರುಳಸಿದ್ದಮ್ಮ ಬಾಗಿಲಿಗೆ ಓಡಿಬಂದಳು. "ಒಳಕ್ಕೆ ಬರ್ರಿ, ಕುಂತ್ಕಳ್ರಿ."

"ದೀಪ ಆರಿಸಮ್ಮ! ಮಗನ ಮುಂದಿರೋ ದೀಪ!"

"ಯಾಕ್ರಿ? ನಿಮ್ ಪುಸ್ತಕಾನೇ ಓದ್ತಾ ಕುಂತೈತೆ..."

ಒಳಗೆ ಠಕ್ ಎಂದಿತು. ಓದು ನಿಂತಿತು. ಕೂದಲು ಸುಟ್ಟ ವಾಸನೆ ಹೊಸ್ತಿಲು ದಾಟಿ ಬಂತು.

ಸೀತಾಪತಯ್ಯ ಹೊಸ್ತಿಲ ಮೇಲೆ ಮಂಡಿಯೂರಿದ. "ಗೂಟದಯ್ಯ ಕೊಡತಿ ಎತ್ತಿದ," ಎಂದು ಬಿಟ್ಟಲ್ಲಿಂದ ಕತೆ ಹಿಡಿದ. "ಎತ್ತಿ, ಆ ಕಡೆ ಈ ಕಡೆ ನೋಡಿದ."

"ಹೂಂ," ಎಂದಿತು ಒಳಗಿನಿಂದ. ಮಗುವಿನ ದನಿಯಲ್ಲ.

ಎದುರುಮನೆಯಲ್ಲಿ ಇನ್ನೊಂದು ಮಗು ಓದಲು ತೊಡಗಿತ್ತು. ಅದರಾಚೆಯ ಮನೆಯಲ್ಲಿ ಮತ್ತೊಂದು. ಅವನು ಬಟ್ಟೆ ಸುತ್ತಿದ ಬಲಗೈಯನ್ನು ನೋಡಿಕೊಂಡ. ಆಮೇಲೆ ಎಡಗೈಯನ್ನು ಬಾಗಿಲೊಳಗಿನ ಕತ್ತಲಿಗೆ ಚಾಚಿದ.

"ಪದ್ದು," ಎಂದ, "ಹೂಂ ಅನ್ನೋದು ಮರೀಬೇಡ ಮಗಳೇ."